ಗಾಳದ ಕೋಲು ಬಾಗಿದ ಕಥೆ

ಗದಗ ತಾಲ್ಲೂಕಿನ ಹಿರೇಹಂದಿಗೋಳ ದೊಡ್ಡ ಹೊಳೆಯ ದಂಡೆಯ ಮೇಲಿನ ಊರಲ್ಲ. ಜಿಲ್ಲೆಯ ಉತ್ತರದ ಅಂಚಿನಲ್ಲಿ ಮಲಪ್ರಭೆ, ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ. ನಡುವೆ ಕಪ್ಪು ಎರೆಭೂಮಿಯ ಬಯಲು. ಆದರೂ ಮೀನಿನ ಹುಚ್ಚು ಹತ್ತಿದವರಿಗೆ ದೂರ ಎಂಬುದು ಲೆಕ್ಕಕ್ಕಿಲ್ಲ. ಈ ಊರಿನಲ್ಲಿರುವ ನನ್ನ ಕಾಕಾನ ಮಗ ರವಿವಾರ ಬಂದರೆ ಸಾಕು, ಬೈಕು ಹತ್ತಿ ಮುಂಡರಗಿ ದಾಟಿ ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯ ದಂಡೆಗೆ ಇಳಿಯುತ್ತಾನೆ. ಕಳೆದ ಸಲ ಹೋದಾಗ ಅವನ ಕೈಯಲ್ಲಿ ಹೊಸ ಕಾರ್ಬನ್ ಕೋಲು, ಅದರ ತುದಿಯಲ್ಲಿ ಪ್ಲಾಸ್ಟಿಕ್ಕಿನ ಬಣ್ಣದ ಮೀನು ಇದ್ದವು. ಆ ಹುಸಿಮೀನಿನ ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮುಳ್ಳಿನ ಗಾಳ. ಮೊಳಕ್ಕಿಂತ ಉದ್ದದ ಕೊರವ ಮೀನು ಅದನ್ನು ಕಚ್ಚಿತಂತೆ, ಒಮ್ಮೆ ನೀರಿನ ಮೇಲೆ ಹಾರಿತಂತೆ, ತಲೆ ಕೊಡವಿತಂತೆ. ಅಷ್ಟೇ, ದಾರ ಸಡಿಲಾಯಿತು. ಹೀಗೆ ಒಂದೇ ಬೆಳಗಿನಲ್ಲಿ ಮೂರು ಮೀನು ಕೈಬಿಟ್ಟು ಹೋದವು.

ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಆ ಕೋಲನ್ನು ಕೈಗೆ ತೆಗೆದುಕೊಂಡು, ತುದಿ ಹಿಡಿದು ಬಾಗಿಸಿ ನೋಡಿ, ಮಗನ ಕಡೆಗಲ್ಲ, ನನ್ನ ಕಡೆಗೆ ತಿರುಗಿ ಹೇಳಿದರು: ‘ನಮ್ಮ ಬಿದಿರಿನ ಕೋಲ ಬಾಗತಿತ್ತು ತಮ್ಮಾ. ಇದು ಬಾಗಂಗಿಲ್ಲ ನೋಡು. ಮೀನ ಜಗ್ಗಿದ್ರ ಬಾಯಿ ಹರಕೊಂಡ ಹೋಗತೈತಿ.’

ಮಗನಿಗೆ ಅದು ಹಿಡಿಸಲಿಲ್ಲ. ‘ಅಣ್ಣಾ, ನೀ ಪೇಪರಿನಾಗ ಇರಾಂವ. ನಾಕ ತರದ ಎರೆಗೆ ನಾಕ ಕೋಲ ತಗೊಳ್ಳಾಕ ಆಗಂಗಿಲ್ಲ. ಎಲ್ಲಾದಕ್ಕೂ ನಡಿಯೂವಂಥಾ ಕೋಲ ಯಾವ್ದು, ಅದನ್ನೊಂದು ತಿಳಕೊಂಡು ಹೇಳು’ ಎಂದ.

ಕೇಳಲು ಇದು ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆ. ಆದರೆ ಬೆನ್ನು ಹತ್ತಿ ಹೋದಾಗ ಅದು ಕಲ್ಯಾಣದ ಚಾಲುಕ್ಯರ ಅರಮನೆಯವರೆಗೆ, ಮಂಗಳೂರಿನ ಕಲೆಕ್ಟರರ ಬಂಗಲೆಯವರೆಗೆ, ಕಾವೇರಿಯ ಮಡುವಿನವರೆಗೆ ಕರೆದುಕೊಂಡು ಹೋಯಿತು. ಕಾಕಾ ಹೇಳಿದ ಮಾತಿನಲ್ಲೇ ಅರ್ಧ ಉತ್ತರವಿತ್ತು ಎಂಬುದು ತಿಳಿದದ್ದೂ ಆಗಲೇ.

ರಾಜ ಬರೆದ ಮೀನಿನ ಪಾಠ

ಮೀನು ಹಿಡಿಯುವುದು ಹೊಟ್ಟೆಪಾಡಿನ ಕೆಲಸ, ಅದನ್ನು ಆಟವಾಗಿಸಿದವರು ಇಂಗ್ಲಿಷರು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಗದಗ, ಲಕ್ಕುಂಡಿಗಳನ್ನು ಒಳಗೊಂಡ ಬೆಳ್ವೊಲ ಮುನ್ನೂರು ಕಲ್ಯಾಣದ ಚಾಲುಕ್ಯರ ರಾಜ್ಯದಲ್ಲಿದ್ದ ಕಾಲವದು. ಆ ವಂಶದ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ‘ಭೂಲೋಕಮಲ್ಲ’ ಎಂಬ ಬಿರುದಿನ ಈ ರಾಜ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥವನ್ನು ರಚಿಸಿದ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು ಅಧ್ಯಾಯಗಳ ಈ ಗ್ರಂಥವನ್ನು ಆ ಕಾಲದ ವಿಶ್ವಕೋಶವೆಂದೇ ವಿದ್ವಾಂಸರು ಕರೆಯುತ್ತಾರೆ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ.

ಈ ಗ್ರಂಥದ ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವಿದೆ. ಮೀನುಗಳಲ್ಲಿ ಹುರುಪೆ ಇರುವವು, ಇಲ್ಲದವು; ಸಮುದ್ರದವು, ಹೊಳೆಯವು; ದೊಡ್ಡವು, ಚಿಕ್ಕವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ತಿನಿಸು ಹಾಕಿ ಪಳಗಿಸಬೇಕು, ದಾರ, ಕೋಲು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ರಾಜ ಕ್ರಮವಾಗಿ ಹೇಳುತ್ತಾನೆ. ಭಾರತದ ಹೆಸರಾಂತ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಬಗ್ಗೆ ವಿವರವಾಗಿ ಬರೆದರು. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವನು ಬಲೆ ಬೀಸುತ್ತಾನೆ. ಕೋಲು, ದಾರ, ಎರೆಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಾನೆಂದರೆ ಅವನಿಗೆ ಮೀನಿನ ಜೊತೆಗಿನ ಜಗ್ಗಾಟ ಮುಖ್ಯ ಎಂದೇ ಅರ್ಥ.

ಆಗ ರೀಲು ಇರಲಿಲ್ಲ. ಮೀನು ಓಡಿದಷ್ಟೂ ದಾರ ಬಿಡುವ ಚಕ್ರವಿಲ್ಲದಾಗ ಅದರ ಸೆಳೆತವನ್ನೆಲ್ಲ ತಡೆದುಕೊಳ್ಳಬೇಕಾದದ್ದು ಕೋಲೇ. ಬಿದಿರಿಗೆ ಆ ಗುಣ ಹುಟ್ಟಿನಿಂದಲೇ ಇದೆ. ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಒಳಗೆ ಟೊಳ್ಳು, ಹೊರಗೆ ಗಟ್ಟಿ ನಾರು. ಜಗ್ಗಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ.

ಮಂಗಳೂರಿನ ಕಲೆಕ್ಟರ್ ಮತ್ತು ಬಿಳಿಮೀನು

ಕನ್ನಡನಾಡಿನ ಹೊಳೆಗಳಿಗೆ ರೀಲು ಮತ್ತು ಮೂರು ಮುಳ್ಳಿನ ಗಾಳ ಬಂದದ್ದು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ. ಇವರಲ್ಲಿ ಮುಖ್ಯ ಹೆಸರು ಹೆನ್ರಿ ಸಲ್ಲಿವನ್ ಥಾಮಸ್. ಮದರಾಸು ಸರಕಾರದ ಈ ಅಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದರು. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ‘ದ ರಾಡ್ ಇನ್ ಇಂಡಿಯಾ’ ಪುಸ್ತಕ ಈ ದೇಶದಲ್ಲಿ ಕೋಲು ಹಿಡಿದವರ ಕೈಪಿಡಿಯಾಯಿತು. ಇಂಗ್ಲೆಂಡಿನ ಸಾಲ್ಮನ್ ಮೀನಿಗಿಂತ ನಮ್ಮ ಮಹಶೀರ್ ಹೆಚ್ಚಿನ ಕಾದಾಟ ಕೊಡುತ್ತದೆ ಎಂದು ಅವರು ವಾದಿಸಿದರು. ಕಾವೇರಿ ದಂಡೆಯವರು ಬಿಳಿಮೀನು ಎಂದು ಕರೆಯುವುದು, ಕೆಲವು ದೇವಸ್ಥಾನಗಳ ಮಡುವಿನಲ್ಲಿ ಭಕ್ತರು ದೇವರ ಮೀನೆಂದು ಅಕ್ಕಿ, ಮಂಡಕ್ಕಿ ಹಾಕುವುದು ಇದೇ ಮಹಶೀರ್ ಕುಲಕ್ಕೆ.

ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ತುಟಿಯೋ ತೊಗಲಿನಂತೆ ದಪ್ಪ. ಬಾಯಿ ಮುಚ್ಚಿ ಅಮುಕಿದರೆ ತೆಳು ತಂತಿಯ ಗಾಳ ಚಪ್ಪಟೆಯಾಗುತ್ತದೆ. ನುಣ್ಣಗೆ ಹೊಳೆಯುತ್ತ ನೀರಿನಲ್ಲಿ ತಿರುಗುವ ಚಮಚೆಯಂಥ ಹುಸಿ ಎರೆಗೆ ಮೂರು ಮುಳ್ಳಿನ ಗಾಳ ಕಟ್ಟಿ ಎಸೆಯುತ್ತಿದ್ದವರಿಗೆ ಎದುರಾದ ದೊಡ್ಡ ತೊಡಕು ಇದೇ. ಕೋಲು ಬಲು ಬಿಗಿಯಾದರೆ ಗಾಳ ನೆಟ್ಟಗಾಗುತ್ತದೆ, ಇಲ್ಲವೆ ದಾರ ಹರಿಯುತ್ತದೆ. ಬಲು ಮೆತ್ತಗಾದರೆ ಮೀನು ಬಂಡೆಗಳ ಸಂದಿಗೆ ನುಗ್ಗುತ್ತದೆ. ಎರಡರ ನಡುವಿನ ಹದ ಯಾವುದು ಎಂಬ ಹುಡುಕಾಟ ಅಂದು ಶುರುವಾದದ್ದು ಇಂದಿಗೂ ಮುಗಿದಿಲ್ಲ.

ಆ ಕೋಲುಗಳಿಂದಲೇ ಕಾವೇರಿ ಮತ್ತು ಕಪಿಲೆಯ ದಾಖಲೆಗಳು ಬರೆದಾದವು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದರು. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮ ಹದಗಾರರ ಮನೆತನಕ್ಕೆ ಸೇರಿದ ಡಿ ವೆಟ್ ವಾನ್ ಇಂಗೆನ್ ಕಪಿಲೆಯಲ್ಲಿ, ಅಂದರೆ ಕಬಿನಿ ಹೊಳೆಯಲ್ಲಿ, 120 ಪೌಂಡಿನದನ್ನು ಎತ್ತಿದರು. ಸುಮಾರು 54 ಕಿಲೋ! ಒಬ್ಬ ಆಳಿನ ತೂಕ.

ಥಾಮಸ್ ಬರಿಯ ಮೋಜುಗಾರರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೊಳೆಗೆ ವಿಷ ಬೆರೆಸುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಳಿಯುವುದು ನಿಲ್ಲದಿದ್ದರೆ ಮೀನು ಉಳಿಯದು ಎಂದು ಅವರೂ, ಅದೇ ಕಾಲದ ಫ್ರಾನ್ಸಿಸ್ ಡೇ ಅವರೂ ಸರಕಾರಕ್ಕೆ ಬರೆಯುತ್ತಲೇ ಇದ್ದರು. ನೀರಿಗೆ ಸಿಡಿಮದ್ದು ಎಸೆದು, ವಿಷ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ.

ಆರು ಸೀಳಿನ ಬಿದಿರು, ಗಾಜಿನ ನಾರು

ಈ ನಡುವೆ ಕೋಲು ಮಾಡುವ ವಸ್ತುವೇ ಬದಲಾಗುತ್ತ ಬಂತು. ಇಡೀ ಬಿದಿರಿನ ಬದಲು ಅದರ ಹೊರಮೈಯ ಗಟ್ಟಿ ನಾರನ್ನು ಮಾತ್ರ ಉದ್ದಕ್ಕೆ ಸೀಳಿ, ಆರು ಸೀಳುಗಳನ್ನು ಅಂಟಿಸಿ ಆರು ಮೂಲೆಯ ಕೋಲು ಮಾಡುವ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಇದಕ್ಕೆ ಬೇಕಾದ ಉತ್ತಮ ಬಿದಿರು ಚೀನಾದಿಂದ ಬರುತ್ತಿತ್ತು. 1950ರಲ್ಲಿ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿದಾಗ ಆ ಬಿದಿರೂ ನಿಂತಿತು. ಅಷ್ಟರಲ್ಲಿ ಗಾಜಿನ ನಾರಿನ, ಅಂದರೆ ಫೈಬರ್‌ಗ್ಲಾಸ್ ಕೋಲುಗಳು ಪೇಟೆಗೆ ಬಂದಿದ್ದವು. ಅಗ್ಗ, ಗಟ್ಟಿ, ಮಳೆಗೆ ಕೊಳೆಯದು, ಬುಡದವರೆಗೂ ಬಾಗುವುದು. ಬಿದಿರಿನ ಕಾಲ ಅಲ್ಲಿಗೆ ಮುಗಿಯಿತು. 1973ರಲ್ಲಿ ಕಾರ್ಬನ್ ನಾರಿನ ಕೋಲು ಬಂದಾಗ ಗಾಜಿನದ್ದೂ ಹಿಂದೆ ಬಿತ್ತು. ಕಾರ್ಬನ್ ಹಗುರ, ದಾರದ ತುದಿಯಲ್ಲಿ ಮೀನು ಮುಟ್ಟಿದರೂ ಅಂಗೈಗೆ ತಿಳಿಯುತ್ತದೆ. ಆದರೆ ಅದು ಬಿಗಿ.

ಇದೇ ಕಾಲದಲ್ಲಿ ಹುಸಿ ಎರೆಗಳೂ ಬದಲಾದವು. ಅಮೆರಿಕದ ಜೂಲಿಯೊ ಬ್ಯುಯಲ್ 1852ರಲ್ಲಿ ಚಮಚೆ ಎರೆಗೆ ಪೇಟೆಂಟ್ ಪಡೆದಿದ್ದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಿಶಿಗನ್ನಿನ ಜೇಮ್ಸ್ ಹೆಡನ್ ಮರದ ಹುಸಿಮೀನುಗಳನ್ನು ಮಾರತೊಡಗಿದ. 1936ರಲ್ಲಿ ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲ ಬೆಂಡಿನ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಗಾಯಗೊಂಡ ಮರಿಮೀನಿನಂತೆ ಓಲಾಡುವ ಎರೆಯನ್ನು ಮಾಡಿದ. ಇವೆಲ್ಲ ದೊಡ್ಡ ಮೀನನ್ನು ಅಣಕಿಸಿ ಕರೆಯುವ ವೇಷಗಳು. ಮೀನು ಯಾವ ಕಡೆಯಿಂದ ಬಂದು ಕಚ್ಚಿದರೂ ಒಂದಲ್ಲ ಒಂದು ಮುಳ್ಳು ತಾಗಲಿ ಎಂದು ಇವುಗಳಿಗೆ ಮೂರು ಮುಳ್ಳಿನ ‘ಟ್ರೆಬಲ್’ ಗಾಳಗಳನ್ನು ತೂಗುಬಿಡುತ್ತಾರೆ.

ಈ ಎರೆಗಳ ದೊಡ್ಡ ಗಿರಾಕಿ ಬಾಸ್ ಎಂಬ ಅಮೆರಿಕದ ಸಿಹಿನೀರಿನ ಮೀನು. 1967ರಲ್ಲಿ ಅಲ್ಲಿ ಬಾಸ್ ಹಿಡಿಯುವ ಪಂದ್ಯಗಳ ಸಂಘ ಹುಟ್ಟಿತು. ಪಂದ್ಯದವರು ಒಂದೊಂದು ಎರೆಗೆ ಒಂದೊಂದು ಕೋಲು ಇಟ್ಟುಕೊಂಡು ದೋಣಿಯಲ್ಲಿ ಕೋಲುಗಳ ಹೊರೆಯನ್ನೇ ಒಯ್ಯತೊಡಗಿದರು. ಕಾರ್ಬನ್ ಕೋಲಿನಿಂದ ಟ್ರೆಬಲ್ ಗಾಳದ ಎರೆ ಎಸೆದಾಗ ಮೀನು ಕಚ್ಚುತ್ತಿತ್ತು, ಅರ್ಧ ದಾರಿಯಲ್ಲಿ ಕಳಚಿಕೊಳ್ಳುತ್ತಿತ್ತು. ತುಂಗಭದ್ರೆಯ ದಂಡೆಯಲ್ಲಿ ನಮ್ಮ ಹುಡುಗನಿಗೆ ಆದದ್ದೂ ಇದೇ. ಆಗ ಅವರಲ್ಲಿ ಅನೇಕರು ಮಾಡಿದ್ದೇನು ಗೊತ್ತೆ? ಹಿಂದಕ್ಕೆ ಹೋಗಿ ಗಾಜಿನ ನಾರಿನ ಕೋಲನ್ನೇ ಕೈಗೆತ್ತಿಕೊಂಡರು. ಬಿದಿರು ಕೊಡುತ್ತಿದ್ದ ಬಾಗನ್ನು ಹೊಸ ವಸ್ತುವಿನಲ್ಲಿ ಹುಡುಕಿದರು. ಇಂದು ಗಾಜು, ಕಾರ್ಬನ್ ಎರಡನ್ನೂ ಬೆರೆಸಿದ ಕೋಲುಗಳೂ ಸಿಗುತ್ತವೆ.

ಬಾಗು ಏಕೆ ಬೇಕು?

ಕಾರಣ ಸರಳ. ಒಂಟಿ ಗಾಳ ದಪ್ಪ ತಂತಿಯದು. ಮೆತ್ತನೆಯ ರಬ್ಬರಿನ ಹುಳುವಿನಲ್ಲಿ ಅದನ್ನು ಹುದುಗಿಸಿದ್ದರೆ, ರಬ್ಬರು ದಾಟಿ ಮೀನಿನ ದವಡೆಗೆ ನಾಟಲು ಬಲವಾದ ಒಂದು ಜಗ್ಗು ಬೇಕು. ಅದಕ್ಕೆ ಬಿಗಿಯಾದ ಕೋಲೇ ಸರಿ. ಟ್ರೆಬಲ್ ಗಾಳದ ಮುಳ್ಳುಗಳಾದರೋ ಸಣ್ಣವು, ತೆಳು, ಬಲು ಚೂಪು. ಮೀನು ಕಚ್ಚಿ ತಿರುಗಿದರೆ ಸಾಕು, ತಾವೇ ನಾಟುತ್ತವೆ. ಆದರೆ ಆಳಕ್ಕಿಳಿಯುವುದಿಲ್ಲ, ತುಟಿಯ ಅಂಚಿನಲ್ಲಿ ಹಿಡಿದುಕೊಂಡಿರುತ್ತವೆ. ಬಿಗಿ ಕೋಲಿನಿಂದ ಜಗ್ಗಿದರೆ ತುಟಿ ಹರಿಯುತ್ತದೆ, ಇಲ್ಲವೆ ತಂತಿ ಬಿಚ್ಚಿಕೊಳ್ಳುತ್ತದೆ. ಮೀನು ಹಾರಿ ತಲೆ ಕೊಡವಿದಾಗ ಎರೆಯ ಭಾರವೇ ಸನಿಕೆಯಂತೆ ಕೆಲಸ ಮಾಡಿ ಮುಳ್ಳನ್ನು ಕಿತ್ತು ಹಾಕುತ್ತದೆ. ಕೋಲು ಬಾಗಿದರೆ ದಾರ ಒಂದು ಕ್ಷಣವೂ ಸಡಿಲಾಗುವುದಿಲ್ಲ, ಒಮ್ಮೆಲೇ ಬಿಗಿಯುವುದೂ ಇಲ್ಲ. ಇನ್ನೊಂದು ಲಾಭವೂ ಇದೆ. ಕಚ್ಚಿದ ಕೂಡಲೇ ಗಾಬರಿಯಿಂದ ಜಗ್ಗುವ ಕೈಯನ್ನು ಮೆತ್ತನೆಯ ಕೋಲು ಅರೆಕ್ಷಣ ತಡೆಯುತ್ತದೆ. ಅಷ್ಟರಲ್ಲಿ ಎರೆ ಪೂರ್ತಿ ಬಾಯೊಳಗೆ ಹೋಗಿರುತ್ತದೆ.

ಹಾಗಾದರೆ ಎಲ್ಲಕ್ಕೂ ನಡೆಯುವ ಒಂದೇ ಕೋಲು? ಎಲ್ಲಕ್ಕೂ ನಡೆಯುವುದು ಯಾವುದೂ ಇಲ್ಲ. ಆದರೆ ಹೆಚ್ಚಿನದಕ್ಕೆ ನಡೆಯುವುದು ಇದೆ. ಸುಮಾರು ಏಳು ಅಡಿ ಉದ್ದ, ಮಧ್ಯಮ ಶಕ್ತಿ, ಅಂಗಡಿಯವರು ‘ಮಾಡರೇಟ್ ಫಾಸ್ಟ್’ ಎನ್ನುವ ಬಾಗು. ಕೋಲಿನ ಹಿಡಿಕೆಯ ಮೇಲೆ ಎಷ್ಟು ತೂಕದ ಎರೆ ಎಸೆಯಬಹುದೆಂದು ಅಚ್ಚು ಹಾಕಿರುತ್ತಾರೆ; 7ರಿಂದ 21 ಗ್ರಾಂ ಎಂದಿದ್ದರೆ ನಮ್ಮ ಕೆರೆ-ಹೊಳೆಗಳ ಸಾಮಾನ್ಯ ಹುಸಿಮೀನು, ಚಮಚೆಗಳಿಗೆಲ್ಲ ಸಾಕು. ಇಲ್ಲಿ ಶಕ್ತಿಯೇ ಬೇರೆ, ಬಾಗೇ ಬೇರೆ ಎಂಬುದನ್ನು ಮರೆಯಬಾರದು. ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು ಶಕ್ತಿ. ಎಲ್ಲಿಯವರೆಗೆ ಬಾಗುತ್ತದೆ ಎಂಬುದು ಬಾಗು.

ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ದಾರದ ತುದಿಯನ್ನು ಜೊತೆಗಿದ್ದವರ ಕೈಗೆ ಕೊಟ್ಟು ನಿಧಾನ ಜಗ್ಗಲು ಹೇಳಿ. ತುದಿಯ ಮೂರನೆಯ ಒಂದು ಪಾಲು ಮಾತ್ರ ಬಾಗಿ ಉಳಿದದ್ದು ನೆಟ್ಟಗೆ ನಿಂತರೆ ಅದು ಒಂಟಿ ಗಾಳದ ಕೋಲು. ಹೆಚ್ಚುಕಡಿಮೆ ನಡುವಿನವರೆಗೆ ಬಾಗಿ, ಅಲ್ಲಿಂದ ಕೆಳಗೆ ಬಲ ತೋರಿದರೆ ಅದು ಟ್ರೆಬಲ್ ಗಾಳಕ್ಕೂ ಆದೀತು, ಹಗುರ ಒಂಟಿ ಗಾಳಕ್ಕೂ ಆದೀತು. ದಾರದ ಲೆಕ್ಕವೂ ಇದೆ. ನೈಲಾನ್ ದಾರ ಹಿಗ್ಗುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ. ಹೆಣೆದ ದಾರ ಹಾಕುವವರಿಗೆ ಇನ್ನೂ ಸ್ವಲ್ಪ ಮೆತ್ತನೆಯ ಕೋಲು ಬೇಕು, ರೀಲಿನ ಬಿಗಿಯನ್ನೂ ತುಸು ಸಡಿಲಿಸಬೇಕು. ದಟ್ಟ ಜೊಂಡಿನಿಂದ ದೊಡ್ಡ ಕೊರವನನ್ನು ಎಳೆದು ತೆಗೆಯುವುದು ಈ ಕೋಲಿನಿಂದ ಆಗದ ಕೆಲಸ. ಅದಕ್ಕೆ ಬೇರೆಯದೇ ಬೇಕು.

ಮೀನಿನ ಕಡೆಯಿಂದ

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದು ಮೀನು ಹಿಡಿಯುವವರ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಕಾವೇರಿಯ ಬಿಳಿಮೀನಿಗೆ ಮುಂದೇನಾಯಿತು ಎಂಬುದನ್ನು ತಿಳಿಯದೆ ಕೋಲಿನ ಚರಿತ್ರೆ ಪೂರ್ತಿಯಾಗದು.

ಸ್ವಾತಂತ್ರ್ಯದ ನಂತರ ಅಣೆಕಟ್ಟು, ಮರಳು, ಎಲ್ಲಕ್ಕಿಂತ ಹೆಚ್ಚಾಗಿ ತೋಟೆ ಸಿಡಿಸಿ ಮೀನು ಕೊಲ್ಲುವ ಹಾವಳಿಯಿಂದ ಮಹಶೀರ್ ಕಡಿಮೆಯಾಗುತ್ತ ಬಂತು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ಇನ್ನೂ ಭಾರಿ ಮೀನುಗಳಿವೆ ಎಂದು ತೋರಿಸಿಕೊಟ್ಟರು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ನಡೆದವು. ರಾಗಿ ಹಿಟ್ಟಿನ ಉಂಡೆಯೇ ಅಲ್ಲಿನ ಹೆಸರಾದ ಎರೆ. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೆ ಬಿಡಬೇಕೆಂಬುದು ನಿಯಮ. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ದಂಡೆಯ ಕೆಲವರು ಅಲ್ಲಿ ದಾರಿ ತೋರಿಸುವವರೂ ಕಾವಲುಗಾರರೂ ಆದರು. ಈ ಭಾಗ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದರಿಂದ, ವನ್ಯಜೀವಿ ಕಾಯಿದೆಯಂತೆ ಗಾಳ ಹಾಕುವುದೂ ಬೇಟೆಯೇ ಎಂಬ ತೀರ್ಮಾನವಾಗಿ 2012ರ ಹೊತ್ತಿಗೆ ಅಲ್ಲಿನ ಗಾಳದ ಆಟ ನಿಂತಿತು.

ಅಲ್ಲಿ ಬರೆದಿಟ್ಟ ದಿನಚರಿ ಮಾತ್ರ ಉಳಿಯಿತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಕೂಡಿಸಿ ನೋಡಿದರು. ಅದರಲ್ಲಿ 6161 ಮಹಶೀರ್‌ಗಳ ದಾಖಲೆ ಇತ್ತು. ಮೇಲುನೋಟಕ್ಕೆ ಸಿಹಿಸುದ್ದಿ: ವರ್ಷ ಹೋದಂತೆ ಮೀನು ಹೆಚ್ಚು ಹೆಚ್ಚು ಸಿಗುತ್ತಿದ್ದವು. ಒಳಗೆ ಕಹಿಸುದ್ದಿ: ಹೆಚ್ಚಾದದ್ದು ನೀಲಿ ರೆಕ್ಕೆಯ ಮಹಶೀರ್. ಇದು ಕಾವೇರಿಯದಲ್ಲ, ಮಹಾರಾಷ್ಟ್ರದ ಲೋಣಾವಳಾದಲ್ಲಿ ಮರಿ ಮಾಡಿಸಿ, ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟದ್ದು. ಕಾವೇರಿಯದೇ ಆದ, ಬೆನ್ನು ಡುಬ್ಬಿದ ಬಂಗಾರದ ಬಣ್ಣದ ಮೀನು ಕಣ್ಮರೆಯಾಗುತ್ತ ಬಂದಿತ್ತು. ರಿವೆಟ್-ಕಾರ್ನಾಕ್, ವಾನ್ ಇಂಗೆನ್ ಹಿಡಿದದ್ದು ಈ ಡುಬ್ಬದ ಮಹಶೀರನ್ನೇ.

ವಿಚಿತ್ರವೆಂದರೆ ಇಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ನಿಂತಿರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಲ್ಲಿ ‘ಟಾರ್ ರೇಮಾದೇವಿ’ ಎಂಬ ಮಹಶೀರನ್ನು ವಿಜ್ಞಾನಿಗಳು ಗುರುತಿಸಿದ್ದರು. ಕಾವೇರಿಯ ಡುಬ್ಬದ ಮೀನೂ ಅದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಜನ ನೂರೈವತ್ತು ವರ್ಷ ಕೋಲಿನ ತುದಿಯಲ್ಲಿ ಎತ್ತಿ ತೂಗಿದ ಮೀನಿಗೆ ಹೆಸರು ಸಿಗುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಟ್ರೆಬಲ್ ಗಾಳದ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಹಿಡಿದು ತಿನ್ನುವವರಿಗೆ ಎಷ್ಟು ಮುಳ್ಳಿದ್ದರೇನು? ಸಣ್ಣ ಮೀನನ್ನು, ಮೊಟ್ಟೆ ಹೊತ್ತ ಮೀನನ್ನು ಮರಳಿ ಬಿಡಬೇಕೆನ್ನುವವರಿಗೆ ಆರು ಮುಳ್ಳು ಎಂದರೆ ಆರು ಗಾಯದ ಭಯ. ಮುಳ್ಳಿನ ತುದಿಯ ಹಿಂದೆ ಇರುವ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿದರೆ ಗಾಳ ಸರಾಗವಾಗಿ ಕಳಚುತ್ತದೆ. ಹಿಮ್ಮುಳ್ಳಿಲ್ಲದ ಗಾಳದಲ್ಲಿ ಮೀನು ನಿಲ್ಲಬೇಕಾದರೆ ದಾರ ಎಂದೂ ಸಡಿಲಾಗಬಾರದು. ಅಲ್ಲಿ ಮತ್ತೆ ಬೇಕಾಗುವುದು ಬಾಗುವ ಕೋಲೇ. ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಹೊಳೆಯಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿಯ ವ್ಯವಸ್ಥೆ ಇದೆ ಎಂಬುದನ್ನೂ ಕೋಲು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇದನ್ನೆಲ್ಲ ಹಿರೇಹಂದಿಗೋಳದ ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಕಾಕಾ ನಕ್ಕರು. ‘ಅಲ್ಲಪಾ, ನಾ ಹೇಳಿದ್ದನ್ನ ರಾಜನ ಕಡಿಂದ ಹೇಳಿಸಿದಿ’ ಎಂದರು. ತಮ್ಮ ಹಳೆಯ ಕೋಲನ್ನು ಮಾರಿ, ನಡುವಿನವರೆಗೆ ಬಾಗುವ ಏಳು ಅಡಿಯದೊಂದನ್ನು ತಂದಿದ್ದಾನೆ. ಅದರ ಜೊತೆಗೆ ಎಂಟಾಣೆ ಬೆಲೆಯ ಕಾಲದಲ್ಲಿ ಬರುತ್ತಿದ್ದಂಥ ಉದ್ದನೆಯ ಲೆಕ್ಕದ ವಹಿಯೊಂದನ್ನೂ ಕೊಂಡಿದ್ದಾನೆ. ತಾರೀಖು, ಜಾಗ, ಎರೆ, ಮೀನಿನ ಜಾತಿ, ತೂಕ, ಬಿಟ್ಟದ್ದೋ ತಂದದ್ದೋ ಎಂದು ಗೆರೆ ಹೊಡೆದು ಅಂಕಣ ಮಾಡಿದ್ದಾನೆ. ಮೊದಲ ಪುಟದಲ್ಲಿ ಇರುವುದು ಎರಡೇ ಸಾಲು: ಕೊರ್ಲಹಳ್ಳಿಯ ಹತ್ತಿರ ಎರಡು ಕೊರವ, ಒಂದು ಸಾರಿಗೆ, ಒಂದು ಹೊಳೆಗೆ.